ಲ್ಯಾಂಡ್‌ಲೈನ್ ಯಾರೂ ಎತ್ತಲಿಲ್ಲವೆಂದು ನಿಂತುಹೋದ ನನ್ನ ಮಗಳ ಪಾಸ್‌ಪೋರ್ಟ್

ಕಳೆದ ವಾರ, ಏಪ್ರಿಲ್ 25ರಂದು, ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪಯ್ಯನ ಸಹಸ್ರ ಚಂದ್ರ ದರ್ಶನ ಶಾಂತಿ ನಡೆಯಿತು. ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿ ಅದು. ಲೆಕ್ಕ ಹಾಕಿದರೆ 80 ವರ್ಷ ದಾಟಿ ಹತ್ತು ತಿಂಗಳಾಗಬೇಕು. ಮಗ, ಸೊಸೆ, ಇನ್ನೂ ಕಣ್ಣಿಂದ ನೋಡದ ಮೊಮ್ಮಗಳು ಪಕ್ಕದಲ್ಲಿ ಕೂರಬೇಕೆಂದು ಅಪ್ಪಯ್ಯ ಆಸೆಪಟ್ಟಿದ್ದರು. ನಾವು ಮೂವರೂ ಡಬ್ಲಿನ್‌ನ ಪಶ್ಚಿಮಕ್ಕಿರುವ ಲೂಕನ್‌ನ ಬಾಡಿಗೆ ಮನೆಯಲ್ಲಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು, ಅದನ್ನು ಫೋನಿನ ಪರದೆಯಲ್ಲಿ ನೋಡಿದೆವು. ಮಗಳ ಪಾಸ್‌ಪೋರ್ಟ್ ಅಂಚೆಯಲ್ಲಿ ಮನೆಗೆ ಬಂದದ್ದು 29ರಂದು. ಆ ನಾಲ್ಕು ದಿನ ಎಲ್ಲಿ ಹೋಯಿತೆಂದು ನನಗೆ ಗೊತ್ತಿದೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಐರ್ಲೆಂಡಿನಲ್ಲಿ ಹುಟ್ಟಿದ ಮಗುವಿಗೆ ತಾನಾಗಿಯೇ ಅಲ್ಲಿನ ಪೌರತ್ವ ಸಿಗುತ್ತದೆ ಎಂದು ಊರಿನಲ್ಲಿ ಹಲವರು ತಿಳಿದಿದ್ದಾರೆ. ಹಾಗಿದ್ದ ಕಾಲವೊಂದಿತ್ತು. 2004ರ ಜೂನ್‌ನಲ್ಲಿ ಜನಮತ ಸಂಗ್ರಹ ನಡೆದು ಇಲ್ಲಿನ ಸಂವಿಧಾನಕ್ಕೆ 27ನೆಯ ತಿದ್ದುಪಡಿ ಬಂದ ಮೇಲೆ, 2005ರ ಜನವರಿ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ, ನಮ್ಮಂಥ ವಿದೇಶಿ ತಂದೆತಾಯಿಗಳಲ್ಲಿ ಒಬ್ಬರಾದರೂ ಮಗು ಹುಟ್ಟುವುದಕ್ಕೆ ಮುಂಚಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಲೆಕ್ಕಕ್ಕೆ ಬರುವಂಥ ಪರವಾನಗಿಯಲ್ಲಿ ಇಲ್ಲಿ ವಾಸವಿದ್ದಿರಬೇಕು. ಓದಲು ಬಂದವರ ವರ್ಷಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ನಾನು 2019ರಲ್ಲಿ ಕೆಲಸದ ಪರವಾನಗಿಯ ಮೇಲೆಯೇ ಬಂದವನು. ಮೊದಲ ದಿನದಿಂದ ಮಗಳು ಹುಟ್ಟಿದ 2024ರ ನವೆಂಬರ್‌ವರೆಗೆ ಒಂದು ದಿನವೂ ನನ್ನ ಪರವಾನಗಿ ತಪ್ಪಿಲ್ಲ. ಅಂದರೆ ಅವಳು ಹುಟ್ಟಿದ ಕ್ಷಣದಿಂದಲೇ ಈ ದೇಶದ ಪ್ರಜೆ. ಇದನ್ನು ಯಾರೂ, ಎಲ್ಲಿಯೂ, ಯಾವ ಪತ್ರದಲ್ಲಿಯೂ ಪ್ರಶ್ನಿಸಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮಗುವಿಗೆ ಭಾರತದ ಪಾಸ್‌ಪೋರ್ಟನ್ನೇ ಮಾಡಿಸಬಹುದಿತ್ತಲ್ಲ ಎಂದು ಕೇಳಿದವರೂ ಇದ್ದಾರೆ. ಮಾಡಿಸಬಹುದು: ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಿ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ನಾವಿಬ್ಬರೂ ಘೋಷಿಸಬೇಕು. ಆದರೆ ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ನಾಳೆ ಅವಳು ತನ್ನ ಹಕ್ಕಿನ ಐರಿಶ್ ಪಾಸ್‌ಪೋರ್ಟ್ ಪಡೆದರೆ ಇವತ್ತು ಮಾಡಿದ್ದನ್ನೆಲ್ಲ ರದ್ದು ಮಾಡಿಸುತ್ತ ಓಡಾಡಬೇಕು. ಯೋಚಿಸಿಯೇ ನಾವು ಐರಿಶ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು.

ಮೊದಲ ಬಾರಿಯ ಅರ್ಜಿಗೆ 20 ಕೆಲಸದ ದಿನಗಳು ಎಂದು ಇಲ್ಲಿನ ಪಾಸ್‌ಪೋರ್ಟ್ ಕಚೇರಿಯ ಪ್ರಕಟಣೆಯಲ್ಲಿದೆ. ಶನಿವಾರ, ಭಾನುವಾರ, ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ರಜೆ ಎಲ್ಲವನ್ನೂ ಕಳೆದು ನಾನು ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಫೆಬ್ರವರಿ 10ರಂದು ಕಾಗದಪತ್ರ ಕಳಿಸಿದೆ, ಹೊರಡಬೇಕಾದದ್ದು ಏಪ್ರಿಲ್ 19ಕ್ಕೆ. ಹತ್ತು ವಾರಗಳ ಬಿಡುವು ಇಟ್ಟುಕೊಂಡವನನ್ನು ಕೊನೆಗಳಿಗೆಯಲ್ಲಿ ಎಚ್ಚೆತ್ತವನೆಂದು ಯಾರೂ ಹೇಳಲಾರರು. ಇಲ್ಲಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ, ಕೂಸನ್ನು ಎತ್ತಿಕೊಂಡು ಮಧ್ಯರಾತ್ರಿ ಕೊಲ್ಲಿ ದೇಶದ ನಿಲ್ದಾಣದಲ್ಲಿ ಕಾಯುವುದು ಬೇಡವೆಂದು ಹಗಲು ಹೊತ್ತಿನ ಸಂಪರ್ಕ ಹುಡುಕಿ, ಹೆಚ್ಚು ಹಣ ಕೊಟ್ಟು ಟಿಕೆಟ್ ತೆಗೆಸಿದ್ದೆ.

ಕಾಗದಪತ್ರಗಳ ಬಗ್ಗೆ ನನಗೆ ತಕರಾರಿಲ್ಲ. ಮೂರು ತಿಂಗಳ ಕೂಸು ಕಣ್ಣು ಬಿಟ್ಟು, ಬಾಯಿ ಮುಚ್ಚಿ, ಹಿಡಿದವರ ಕೈ ಕಾಣದಂತೆ ಫೋಟೊಕ್ಕೆ ಮಲಗಬೇಕೆಂಬ ನಿಯಮವನ್ನು ಮೂರನೆಯ ಪ್ರಯತ್ನದಲ್ಲಿ ಪೂರೈಸಿದೆವು. ನಾನು ಇಲ್ಲಿ ವಾಸವಿದ್ದುದಕ್ಕೆ ಪುರಾವೆಯಾಗಿ ನನ್ನ ಮೂಲ ಭಾರತೀಯ ಪಾಸ್‌ಪೋರ್ಟನ್ನೇ ಮುದ್ರೆಗಳ ಸಮೇತ ಲಕೋಟೆಯಲ್ಲಿಟ್ಟು ಕಳಿಸಿದೆವು. ನನ್ನ ಸಿಟ್ಟು ಇರುವುದು ಸಾಕ್ಷಿಯ ಸಹಿಯ ಮೇಲೆ.

ಮಗುವಿನ ಅರ್ಜಿಗೆ ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು, ಆ ಒಪ್ಪಿಗೆಯ ಫಾರಂಗೆ ನಾವು ಸಹಿ ಹಾಕುವಾಗ ಎದುರಿಗೊಬ್ಬ ಸಾಕ್ಷಿ ಇರಬೇಕು. ಒಬ್ಬರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಮಗುವನ್ನು ದೇಶ ದಾಟಿಸಬಾರದು ಎಂಬ ಕಾರಣಕ್ಕೆ ಇಟ್ಟ ನಿಯಮವದು, ಅದರ ಅಗತ್ಯವನ್ನು ಒಪ್ಪುತ್ತೇನೆ. ಆದರೆ ಸಾಕ್ಷಿಯಾಗುವವರು ವೈದ್ಯರು, ವಕೀಲರು, ಶಾಲೆಯ ಮುಖ್ಯೋಪಾಧ್ಯಾಯರು, ಬ್ಯಾಂಕ್ ಮ್ಯಾನೇಜರು, ಪಾದ್ರಿಗಳು, ಗಾರ್ಡಾ ಎಂದು ಕರೆಯುವ ಇಲ್ಲಿನ ಪೊಲೀಸರು, ಇಂಥ ಪಟ್ಟಿಯಲ್ಲಿರುವವರೇ ಆಗಬೇಕು, ಸಂಬಂಧಿಕರಾಗಿರಬಾರದು, ಮತ್ತು ಅವರು ಕೆಲಸ ಮಾಡುವ ಜಾಗದ ಲ್ಯಾಂಡ್‌ಲೈನ್ ಸಂಖ್ಯೆಯಲ್ಲಿ ಸಿಗಬೇಕು. ಈ ನೆಲದಲ್ಲೇ ಹುಟ್ಟಿ ಬೆಳೆದವರಿಗೆ ಇದು ಕಷ್ಟವಲ್ಲ. ಅವರು ಓದಿದ ಶಾಲೆಯ ಮುಖ್ಯೋಪಾಧ್ಯಾಯರು ಅದೇ ಬೀದಿಯಲ್ಲಿರುತ್ತಾರೆ, ನಾಮಕರಣ ಮಾಡಿಸಿದ ಪಾದ್ರಿ ಅದೇ ಚರ್ಚಿನಲ್ಲಿರುತ್ತಾರೆ. ಐದು ವರ್ಷದ ಹಿಂದೆ ಎರಡು ಸೂಟ್‌ಕೇಸ್ ಹಿಡಿದು ಬಂದು, ಕಂಪ್ಯೂಟರಿನ ಮುಂದೆ ದುಡಿದು, ಮೂರು ಬಾಡಿಗೆ ಮನೆ ಬದಲಿಸಿದವನನ್ನು ಬಲ್ಲ ಬ್ಯಾಂಕ್ ಮ್ಯಾನೇಜರು ಎಲ್ಲಿದ್ದಾರೆ? ನನ್ನ ಬ್ಯಾಂಕಿನ ವ್ಯವಹಾರವೆಲ್ಲ ಫೋನಿನಲ್ಲೇ ಮುಗಿಯುತ್ತದೆ, ಮ್ಯಾನೇಜರ ಮುಖವನ್ನೇ ನಾನು ನೋಡಿಲ್ಲ. ನನ್ನನ್ನೂ ನನ್ನ ಹೆಂಡತಿಯನ್ನೂ ನಿಜವಾಗಿ ಬಲ್ಲವರು, ಬಾಣಂತನದಲ್ಲಿ ಸಾರು ಅನ್ನ ಮಾಡಿ ತಂದುಕೊಟ್ಟ ಪಕ್ಕದ ಬೀದಿಯ ಕನ್ನಡದ ಕುಟುಂಬ. ಅವರ ಸಹಿಗೆ ಈ ಫಾರಂನಲ್ಲಿ ಬೆಲೆಯಿಲ್ಲ.

ಊರಿನಲ್ಲಿ ಕಾಲೇಜಿಗೆ ಸೇರುವಾಗ ಅಂಕಪಟ್ಟಿಯ ಜೆರಾಕ್ಸ್ ಪ್ರತಿಗಳನ್ನು ಹಿಡಿದು ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿಗಾಗಿ ಬೆಳಗಿನಿಂದ ಬಾಗಿಲಲ್ಲಿ ನಿಂತದ್ದು ನನಗೆ ನೆನಪಿದೆ. ಅಂಥ ಕಡೆಯೇ 2014ರ ಸುಮಾರಿಗೆ ಎಷ್ಟೋ ಕೆಲಸಗಳಿಗೆ ಸ್ವಯಂ ದೃಢೀಕರಣ ಸಾಕು ಎಂದಾಯಿತು. ಇಲ್ಲಿ ಮಾತ್ರ ನಾನು ನಾನೇ ಎಂದು ಹೇಳಲು ಇನ್ನೊಬ್ಬರ ಮೇಜಿನ ಟೆಲಿಫೋನ್ ಬೇಕು.

ನಮಗೆ ತೋಚಿದ ಸರಿಯಾದ ವ್ಯಕ್ತಿ ಮಗಳ ವೈದ್ಯೆ. ಎರಡನೆಯ ತಿಂಗಳ ಲಸಿಕೆಯನ್ನು ಕೊಡಿಸಿದ್ದು ಅವರ ಚಿಕಿತ್ಸಾಲಯದಲ್ಲೇ. ಮಗುವನ್ನೂ ನಮ್ಮಿಬ್ಬರನ್ನೂ ಮುಖ ನೋಡಿ ಗುರುತಿಸುವವರು ಅವರು. 25 ಯೂರೋ ಶುಲ್ಕ ಕೇಳಿದರು, ಕೊಟ್ಟೆವು. ಎದುರಿಗೇ ಸಹಿ ಹಾಕಿದೆವು, ಅವರೂ ಸಹಿ ಮಾಡಿ ಮುದ್ರೆ ಒತ್ತಿದರು, ಲ್ಯಾಂಡ್‌ಲೈನ್ ಸಂಖ್ಯೆ ಬರೆದರು. ಪಾಸ್‌ಪೋರ್ಟ್ ಕಚೇರಿಯವರು ಖಾತರಿಗಾಗಿ ಕರೆ ಮಾಡಬಹುದೆಂದು ನಾನೇ ಅಲ್ಲಿನ ಸ್ವಾಗತಕಾರರಿಗೆ ಎರಡು ಸಲ ಹೇಳಿ ಬಂದೆ. ಆ ಸಂಖ್ಯೆಗೆ ಕರೆ ಮಾಡಿದರೆ ಏನಾಗುತ್ತದೆ ಎಂದು ಆಮೇಲೆ ಪರೀಕ್ಷಿಸಿದೆ: ಔಷಧ ಚೀಟಿಗೆ ಒಂದು ಒತ್ತಿ, ಭೇಟಿಗೆ ಎರಡು ಒತ್ತಿ ಎಂದು ಧ್ವನಿಮುದ್ರಿತ ಮಾತು ಬರುತ್ತದೆ, ಅದಾದ ಮೇಲೆ ಸಂಗೀತ, ಹನ್ನೆರಡು ನಿಮಿಷದ ನಂತರ ಕರೆ ತಾನಾಗಿ ಕಡಿದುಹೋಗುತ್ತದೆ.

ಕಚೇರಿಯವರಿಗೂ ಹಾಗೆಯೇ ಆಗಿರಬೇಕು. ಸಾಕ್ಷಿಯನ್ನು ಸಂಪರ್ಕಿಸಲು ಆಗಲಿಲ್ಲ, ಹೊಸ ಫಾರಂ ಕಳಿಸಿ ಎಂಬ ಕಾಗದ ನನ್ನ ಕೈಸೇರಿದ್ದು ಮಾರ್ಚ್ ಮೂರನೆಯ ವಾರದಲ್ಲಿ. ಅಲ್ಲಿಯವರೆಗೆ ನಾನು ದಿನಕ್ಕೆ ಎರಡು ಸಲ ಅರ್ಜಿಯ ಸ್ಥಿತಿ ನೋಡುತ್ತಿದ್ದೆ, ಪರಿಶೀಲನೆಯಲ್ಲಿದೆ ಎಂದೇ ತೋರಿಸುತ್ತಿತ್ತು. ನನ್ನ ಮೊಬೈಲ್ ಸಂಖ್ಯೆ ಅರ್ಜಿಯಲ್ಲಿತ್ತು, ಇಮೇಲ್ ವಿಳಾಸವೂ ಇತ್ತು. ಸಾಕ್ಷಿ ಫೋನಿಗೆ ಸಿಗುತ್ತಿಲ್ಲ ಎಂದು ಒಂದು ಸಾಲು ತಿಳಿಸಿದ್ದರೆ ಅದೇ ಮಧ್ಯಾಹ್ನ ನಾನು ಚಿಕಿತ್ಸಾಲಯಕ್ಕೆ ಹೋಗಿ, ವೈದ್ಯೆಯ ಬಾಗಿಲಲ್ಲಿ ನಿಂತು, ಅವರಿಂದಲೇ ಕಚೇರಿಗೆ ಕರೆ ಮಾಡಿಸುತ್ತಿದ್ದೆ. ಅಷ್ಟು ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಚಿಕಿತ್ಸಾಲಯಕ್ಕೆ ಹೋಗಿ ಕೇಳಿದಾಗ ಸ್ವಾಗತಕಾರರು, ದಿನಕ್ಕೆ ನೂರಾರು ಕರೆ ಬರುತ್ತವೆ, ಯಾವುದು ಯಾರದೆಂದು ಹೇಳಲಾಗದು ಎಂದರು. ಎರಡು ಸಲ ಹೇಳಿದ್ದೆನಲ್ಲ ಎಂದರೆ ಅವರ ಬಳಿ ಉತ್ತರವಿರಲಿಲ್ಲ.

ಹೊಸ ಫಾರಂ ಮುದ್ರಿಸಿ, ಈ ಬಾರಿ ಗಾರ್ಡಾ ಠಾಣೆಗೆ ಹೋದೆವು. ಮೊದಲ ದಿನ ಎರಡು ಗಂಟೆ ಕಾದು ವಾಪಸಾದೆವು. ಮರುದಿನ ಒಬ್ಬ ಅಧಿಕಾರಿ ನಮ್ಮ ಐಆರ್‌ಪಿ ಕಾರ್ಡುಗಳನ್ನು, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ ಕಾರ್ಡುಗಳನ್ನು, ನೋಡಿ, ಸಹಿ ಹಾಕಿಸಿ, ಮುದ್ರೆ ಒತ್ತಿ, ಮಗುವಿನ ಕೆನ್ನೆ ಮುಟ್ಟಿ ಒಳ್ಳೆಯ ಪ್ರಯಾಣವಾಗಲಿ ಎಂದು ಹರಸಿದರು. ಇಡೀ ಪ್ರಕರಣದಲ್ಲಿ ನಮ್ಮನ್ನು ಮನುಷ್ಯರಂತೆ ನೋಡಿದವರು ಅವರೊಬ್ಬರೇ. ಮಾರ್ಚ್ 28ರಂದು ಅದನ್ನು ಕಳಿಸಿದೆ. ದಿನಗಳ ಎಣಿಕೆ ನಿಂತಲ್ಲಿಂದ ಮುಂದುವರಿಯುತ್ತದೆ ಎಂದುಕೊಂಡಿದ್ದೆ. ಅರ್ಜಿಯ ಸ್ಥಿತಿಯ ಪುಟದಲ್ಲಿ ಅಂದಾಜು ದಿನಾಂಕ ಏಪ್ರಿಲ್ ಕೊನೆಗೆ ಜಿಗಿದಿತ್ತು.

ತುರ್ತು ಸೇವೆ ಇಲ್ಲವೇ ಎಂದರೆ, ಇದೆ. ಡಬ್ಲಿನ್‌ನಲ್ಲಿ ಒಂದೇ ದಿನದಲ್ಲಿ, ಡಬ್ಲಿನ್ ಮತ್ತು ಕಾರ್ಕ್ ಎರಡೂ ಕಡೆ ನಾಲ್ಕು ದಿನದಲ್ಲಿ ಪಾಸ್‌ಪೋರ್ಟ್ ಸಿಗುವ ವ್ಯವಸ್ಥೆ ಇದೆ. ಆದರೆ ಅದು ನವೀಕರಣಕ್ಕೆ ಮಾತ್ರ. ಮೊದಲ ಪಾಸ್‌ಪೋರ್ಟಿಗೆ ಎಷ್ಟು ಹಣ ಕೊಡುತ್ತೇನೆಂದರೂ ಆ ಬಾಗಿಲು ತೆರೆಯುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಪ್ರಯಾಣಕ್ಕೆ ಒಂದು ವಾರವಿದ್ದಾಗ ಅವಧಿ ಮುಗಿದದ್ದು ಗಮನಿಸಿ ತುರ್ತು ಭೇಟಿ ಪಡೆದು ನಿಶ್ಚಿಂತೆಯಿಂದ ಹೊರಟರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಮರೆತವರಿಗೆ ದಾರಿಯಿದ್ದು, ಹತ್ತು ವಾರ ಮುಂಚೆ ಅರ್ಜಿ ಹಾಕಿದ ಕೂಸಿಗೆ ದಾರಿಯಿಲ್ಲದಿರುವುದನ್ನು ಯಾವ ತರ್ಕದಿಂದ ಒಪ್ಪಿಕೊಳ್ಳಬೇಕು?

ಇಷ್ಟೇ ಆಗಿದ್ದರೆ ಟಿಕೆಟ್ ರದ್ದು ಮಾಡಿದ ನಷ್ಟವನ್ನು ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಿದ್ದೆನೇನೋ. ಏಪ್ರಿಲ್ 2ರಂದು ಅಪ್ಪಯ್ಯನಿಗೆ ಉಸಿರಾಟದ ತೊಂದರೆಯಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ನಾನು ಆ ರಾತ್ರಿಯೇ ಹೊರಡಬೇಕಿತ್ತು, ಹೊರಡಲು ಆಗಲಿಲ್ಲ. ನನ್ನ ಪಾಸ್‌ಪೋರ್ಟ್ ಮಗಳ ಅರ್ಜಿಯ ಜೊತೆ ಆ ಕಚೇರಿಯ ಯಾವುದೋ ಕಪಾಟಿನಲ್ಲಿತ್ತು. ಕರೆ ಮಾಡಿ ಕೇಳಿದಾಗ, ವಾಪಸ್ ಕೊಡಬಹುದು, ಆದರೆ ಪುರಾವೆ ಇಲ್ಲದೆ ಅರ್ಜಿ ಮುಂದುವರಿಯುವುದಿಲ್ಲ, ಮತ್ತೆ ಸಲ್ಲಿಸಿದ ಮೇಲೆ ಸರದಿಯಲ್ಲಿ ಬರಬೇಕು ಎಂಬ ಉತ್ತರ ಬಂತು. ಅಂಚೆಯಲ್ಲಿ ಬರಲು ಬೇರೆ ದಿನಗಳು ಬೇಕು. ಮಂಚದ ಅಂಚಿನಲ್ಲಿ ಕೂತು, ಹೋಗಬೇಕೋ ಕಾಯಬೇಕೋ ಎಂದು ನಾನೂ ನನ್ನ ಹೆಂಡತಿಯೂ ಬೆಳಗಾಗುವವರೆಗೆ ಮಾತಾಡಿದೆವು. ಅಣ್ಣ ಆಸ್ಪತ್ರೆಯಿಂದ ಫೋನ್ ಮಾಡಿ, "ಗಡಿಬಿಡಿ ಮಾಡ್ಕಬೇಡ ಮಾರಾಯ, ಡಾಕ್ಟ್ರು ಪರವಾಗಿಲ್ಲ ಅಂದಾರೆ" ಎಂದಾಗ ಕಾಯುವುದೆಂದು ನಿರ್ಧರಿಸಿದೆವು. ಅಪ್ಪಯ್ಯ ಆರನೆಯ ದಿನ ಮನೆಗೆ ಬಂದರು. ಬಾರದೆ ಹೋಗಿದ್ದರೆ ಆ ನಿರ್ಧಾರವನ್ನು ಹೊತ್ತುಕೊಂಡು ನಾನು ಹೇಗೆ ಬದುಕಬೇಕಿತ್ತು ಎಂಬುದನ್ನು ಈ ನಿಯಮ ಬರೆದವರು ಒಮ್ಮೆ ಯೋಚಿಸಲಿ. ಮುದ್ರೆಗಳನ್ನು ನೋಡಲು ಮೂಲ ಪಾಸ್‌ಪೋರ್ಟ್ ಎಷ್ಟು ಹೊತ್ತು ಬೇಕು? ಒಬ್ಬ ಅಧಿಕಾರಿ ಕೌಂಟರಿನಲ್ಲಿ ನೋಡಿ, ಪ್ರತಿ ತೆಗೆದುಕೊಂಡು, ಹತ್ತು ನಿಮಿಷದಲ್ಲಿ ಹಿಂತಿರುಗಿಸಬಹುದಾದ ಪುಸ್ತಕವನ್ನು ಹನ್ನೊಂದು ವಾರ ಏಕೆ ಇಟ್ಟುಕೊಳ್ಳಬೇಕು?

ಈ ದೇಶ 2022ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ಕೊಟ್ಟಿತು. ಬ್ರೆಕ್ಸಿಟ್ ನಂತರ ಬ್ರಿಟನ್ನಿನಿಂದಲೂ ಅರ್ಜಿಗಳು ಬಂದು ಬೀಳುತ್ತಿವೆ. ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮಗಳ ಅರ್ಜಿ ತಡವಾದದ್ದು ಒತ್ತಡದಿಂದಲ್ಲ. ಅದನ್ನು ಒಬ್ಬರು ಸಮಯಕ್ಕೆ ಸರಿಯಾಗಿ ತೆರೆದರು, ಓದಿದರು, ಕರೆ ಮಾಡಿದರು, ಕರೆಗೆ ಉತ್ತರ ಬಾರದ್ದರಿಂದ ಪಕ್ಕಕ್ಕಿಟ್ಟರು. ಯಾರೂ ಎತ್ತದ ಒಂದು ಟೆಲಿಫೋನಿಗೆ ನಾನು ಹೊಣೆಗಾರನಾದೆ.

ನಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ನಿನ್ನೆ ಎರಡು ಪುಟದ ಪತ್ರ ಬರೆದಿದ್ದೇನೆ. ಸಾಕ್ಷಿ ಸಿಗದಿದ್ದರೆ ಅರ್ಜಿದಾರರಿಗೆ ಅದೇ ದಿನ ತಿಳಿಸಬೇಕೆಂದೂ, ವೈದ್ಯರ ಅಧಿಕೃತ ಇಮೇಲನ್ನೂ ಖಾತರಿಗೆ ಒಪ್ಪಬೇಕೆಂದೂ, ತಂದೆತಾಯಿಯ ಪಾಸ್‌ಪೋರ್ಟನ್ನು ನೋಡಿದ ಕೂಡಲೇ ಹಿಂತಿರುಗಿಸಬೇಕೆಂದೂ ಕೇಳಿದ್ದೇನೆ. ಇದೇ ದಾರಿಯಲ್ಲಿ ಸಿಕ್ಕಿಕೊಂಡ ಕನ್ನಡಿಗರು ಲೂಕನ್, ಸ್ವೋರ್ಡ್ಸ್, ಕಾರ್ಕ್ ಎಲ್ಲಿದ್ದರೂ ತಮ್ಮ ಸದಸ್ಯರಿಗೆ ಬರೆಯಿರಿ ಎಂದು ವಿನಂತಿಸುತ್ತೇನೆ.

ಪಾಸ್‌ಪೋರ್ಟಿನ ಫೋಟೊದಲ್ಲಿರುವ ಮುಖಕ್ಕೂ ಈಗ ನನ್ನ ತೊಡೆಯ ಮೇಲೆ ಮಗುಚಿಕೊಳ್ಳುತ್ತಿರುವ ಮಗುವಿನ ಮುಖಕ್ಕೂ ಆಗಲೇ ವ್ಯತ್ಯಾಸವಾಗಿದೆ. ಇವತ್ತು ರಾತ್ರಿ ಅವಳ ಭಾರತದ ಇ-ವೀಸಾ ಅರ್ಜಿ ತುಂಬಬೇಕು, ಅದಕ್ಕೆ ಮತ್ತೊಂದು ಫೋಟೊ ತೆಗೆಯಬೇಕು. ಮಳೆಗಾಲ ಹಿಡಿಯುವುದಕ್ಕೆ ಮೊದಲೇ ಅಪ್ಪಯ್ಯನನ್ನು ನೋಡಿ ಬರಲು ಎರಡು ವಾರ ರಜೆ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.