ಸ್ಪಷ್ಟನೆ: ಕಿಟಕಿ ಬದಲಿಸಿದ ಮೇಲಿನ ಬಿರುಕಿಗೆ ಪುಟ್ಟಿ ಮದ್ದಲ್ಲ

‘ಮರದ ಕಿಟಕಿ ತೆಗೆದು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಿದ ಮೇಲೆ ಬರುವ ಬಿರುಕು ಬರೀ ಗಾರೆಯದ್ದು, ಪುಟ್ಟಿ ತುಂಬಿದರೆ ಸಾಕು’ ಎಂಬ ಮಾತು ಚಿಕ್ಕಮಗಳೂರು ಕಡೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ಕೂರಬೇಡಿ.

ಹಳೆಯ ಹಂಚಿನ ಮನೆಗಳಲ್ಲಿ ಹೊರಗೆ ಚಾಚಿದ ಬೇ ವಿಂಡೋ ಇದ್ದರೆ, ಅದರ ಮೇಲೆ ಲಿಂಟೆಲ್ಲೇ (ಕಿಟಕಿಯ ಮೇಲಿನ ಭಾರ ಹೊರುವ ಅಡ್ಡಪಟ್ಟಿ) ಇಲ್ಲದಿರಬಹುದು. ಅಂಥಲ್ಲಿ ಕಿಟಕಿ ಮೂಲೆಯ ಮರದ ಕಂಬಗಳೇ ಮಾಡಿನ ಭಾರ ಹೊತ್ತಿರುತ್ತವೆ. ಯುಪಿವಿಸಿ ಚೌಕಟ್ಟು, ಒಳಗೆ ಕಬ್ಬಿಣದ ಪಟ್ಟಿ ಇದ್ದರೂ, ಆ ಕೆಲಸಕ್ಕೆ ಮಾಡಿದ್ದಲ್ಲ. ಸುತ್ತ ತುಂಬುವ ಫೋಮ್ ಅಂತೂ ಏನನ್ನೂ ಹೊರುವುದಿಲ್ಲ. ಹಳೆ ಕಿಟಕಿಯ ಜೊತೆ ಕಂಬವೂ ಹೋದರೆ ಮೇಲಿನ ತೊಲೆ ಬಾಗುತ್ತದೆ, ಹೊಸ ಕಿಟಕಿಯ ಬಾಗಿಲು ಉಜ್ಜತೊಡಗುತ್ತದೆ, ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ.

ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕು ಗೆರೆ ದಾಟಿತೆಂದರೆ, ಇಲ್ಲವೇ 5 ಮಿ.ಮೀ. ಅಗಲವಾದರೆ, ತಡಮಾಡದೆ ತೊಲೆಗೆ ಜಾಕ್ (ತಾತ್ಕಾಲಿಕ ಊರುಗಂಬ) ಕೊಡಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಕಿಟಕಿ ಇನ್ನೂ ಕೀಳದವರು ಮೊದಲೇ ಜಾಕ್ ಕೊಟ್ಟು, ಎರಡೂ ಬದಿ ಕನಿಷ್ಠ 150 ಮಿ.ಮೀ. ಗೋಡೆಯ ಮೇಲೆ ಕೂರುವ ಲಿಂಟೆಲ್ ಹಾಕಿಸಿ.