ಸತ್ಯಾಂಶ: ಮಾತಾಡೋ ಮಕ್ಕಳಿಗೆ ಆಟಿಸಂ ಸರ್ಟಿಫಿಕೇಟ್ ಸಿಗಲ್ವಾ?

"ಚೆನ್ನಾಗಿ ಮಾತಾಡೋ, ಒಳ್ಳೆ ಮಾರ್ಕ್ಸ್ ತೆಗಿಯೋ ಆಟಿಸಂ ಮಕ್ಕಳಿಗೆ ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ) ಕೊಡಲ್ಲ" ಅಂತ ವಾಟ್ಸಾಪಲ್ಲಿ ಓಡಾಡ್ತಿರೋ ಮೆಸೇಜ್ ತಪ್ಪು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳೋ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದನ್ನ ಅಳೆಯೋದು ಐಎಸ್‌ಎಎ (ಆಟಿಸಂ ಅಳೆಯೋ ಭಾರತದ ಮಾಪನ) ಅನ್ನೋ 40 ಅಂಶಗಳ ಪಟ್ಟಿಯಿಂದ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಬಂದ್ರೆ ಶೇ. 40 ವೈಕಲ್ಯ ಅಂತ ಲೆಕ್ಕ, ಮಾತು ಅನ್ನೋದು ಅದರ ಆರು ಭಾಗಗಳಲ್ಲಿ ಬರೀ ಒಂದು.

ನಿಜವಾದ ತೊಂದರೆ ಬೇರೆನೇ ಇದೆ. ಹದಿನೈದು ವರ್ಷದ ಮಗ ಪಕ್ಕದಲ್ಲಿ ಕೂತಿರ್ತಾನೆ, ಅವನಿಗೆ ಬೇಜಾರಾಗುತ್ತೆ ಅಂತ ಅಂಕ ಹಾಕೋ ಡಾಕ್ಟರ್ ಮುಂದೆ ನಾವೇ "ಎಲ್ಲಾ ಮಾಡ್ಕೋತಾನೆ ಸರ್" ಅಂದ್ಬಿಡ್ತೀವಿ, ಆದ್ರೆ ಮನೇಲಿ ಶರ್ಟ್ ಗುಂಡಿ ಹಾಕ್ಕೊಳ್ಳೋಕೆ ದಿನಾ ನಾಲ್ಕು ಸಲ ಹೇಳ್ಬೇಕು, ಕುಕ್ಕರ್ ಕೂಗಿದ್ರೆ ಕಿವಿ ಮುಚ್ಕೊಂಡು ರೂಮಿಗೆ ಓಡ್ತಾನೆ. ಇದನ್ನೇ ಒಂದು ಹಾಳೇಲಿ ಬರ್ಕೊಂಡು ಹೋಗಿ, ಬಾಯಲ್ಲಿ ಹೇಳೋಕೆ ಕಷ್ಟ ಆದ್ರೆ ಆ ಹಾಳೆನೇ ಕೊಡಿ.