ಓದಲಾಗದ ಪುಸ್ತಕಕ್ಕೆ ಉದ್ದನೆಯ ವಿವರಣೆ

ಆರ್ಟ್ ಗ್ಯಾಲರಿಯ ಗೋಡೆಯ ಮೇಲೊಂದು ಹಲಗೆ. ಹಲಗೆಯ ಮೇಲೆ ಹತ್ತಾರು ಹಳೇ ಪುಸ್ತಕ. ಕೆಲವು ಅರ್ಧ ತೆರೆದಿವೆ, ಕೆಲವಕ್ಕೆ ತಂತಿ ಬಿಗಿದಿದೆ. ಎಲ್ಲದರ ಮೇಲೂ ಅಂಟು, ಅಂಟಿನ ಮೇಲೆ ಕಪ್ಪು, ಕೆಂಪು, ಅಲ್ಲಲ್ಲಿ ನೀಲಿ ಬಣ್ಣ. ಒಂದು ಹಾಳೆಯೂ ಮಗುಚುವುದಿಲ್ಲ. ಪಕ್ಕದಲ್ಲಿ ಕಾರ್ಡು: ‘ಶೀರ್ಷಿಕೆ ಇಲ್ಲ – 7’. ಹೆಸರೇ ಇಲ್ಲದ್ದಕ್ಕೆ ನಂಬರ್ ಎಲ್ಲಿಂದ ಬಂತು ಅಂತ ಕೇಳಬೇಡಿ. ನಿಮಗೆ ಕಲೆ ಗೊತ್ತಿಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಇಂಥ ಅಸೆಂಬ್ಲೇಜ್, ಅಂದರೆ ಸಿಕ್ಕ ವಸ್ತುಗಳನ್ನು ಜೋಡಿಸಿ ಮಾಡಿದ ಕಲಾಕೃತಿ, ನೋಡಲು ಬಂದವರು ಮೊದಲು ನೋಡುವುದು ಕಾರ್ಡನ್ನೇ. ಅಲ್ಲಿರುತ್ತದೆ: “ಪಠ್ಯವು ಇಲ್ಲಿ ತನ್ನ ಪಠ್ಯತ್ವವನ್ನು ಕಳಚಿಕೊಂಡು ಮೌನದ ವ್ಯಾಕರಣದೊಂದಿಗೆ ಸಂವಾದಕ್ಕಿಳಿಯುತ್ತದೆ.” ಓದಿ, ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ “ಹ್ಞೂಂ...” ಅನ್ನಬೇಕು. ಕತ್ತು ಎಷ್ಟು ಓರೆಯೋ ತಿಳಿವಳಿಕೆ ಅಷ್ಟು ಆಳ.

ಕತ್ತು ಓರೆ ಮಾಡುವುದರಿಂದ ನಿಜಕ್ಕೂ ಲಾಭವಿದೆ ಅನ್ನಿ. 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅಸೆಂಬ್ಲೇಜ್ ಕಲೆಗೆ ದೊಡ್ಡ ಪ್ರದರ್ಶನ ಏರ್ಪಡಿಸಿತ್ತು. ಅದೇ ದಿನಗಳಲ್ಲಿ, ಅದೇ ಮ್ಯೂಸಿಯಂನಲ್ಲಿ ಫ್ರಾನ್ಸಿನ ಕಲಾವಿದ ಮಾತಿಸ್ಸನ ದೋಣಿಯ ಚಿತ್ರವೊಂದು 47 ದಿನ ತಲೆಕೆಳಗಾಗಿ ತೂಗುತ್ತಿತ್ತು. ಕೊನೆಗೆ ಕಂಡುಹಿಡಿದವರು ವಿಮರ್ಶಕರಲ್ಲ, ಚಿತ್ರ ನೋಡಲು ಬಂದಿದ್ದ ಷೇರು ದಲ್ಲಾಳಿ ಮಹಿಳೆ. ಡಚ್ ಕಲಾವಿದ ಮೊಂಡ್ರಿಯಾನನ ಟೇಪು ಅಂಟಿಸಿದ ಕೃತಿಯದ್ದು ಇನ್ನೂ ಜೋರು. ಅದು ದಶಕಗಳಿಂದ ಉಲ್ಟಾ ಇರುವಂತಿದೆ ಎಂದು 2022ರಲ್ಲಿ ಜರ್ಮನಿಯ ಕ್ಯೂರೇಟರ್ ಹೇಳಿದರು. ಈಗ ತಿರುಗಿಸಿದರೆ ಟೇಪು ಕಿತ್ತು ಬರಬಹುದು ಅಂತ ಹಾಗೇ ಬಿಟ್ಟರು. ಅಷ್ಟು ವರ್ಷ ಅದರಲ್ಲಿ ಕಂಡ ಅರ್ಥಗಳನ್ನು ಯಾರಾದರೂ ವಾಪಸ್ ತೆಗೆದುಕೊಂಡರೇ? ಸುಮ್ನೆ ಕೇಳಿದೆ.

ಬಣ್ಣದ ಪುಸ್ತಕಗಳ ವಿಷಯದಲ್ಲಿ ನನಗೆ ಇರುವುದು ಒಂದೇ ಕುತೂಹಲ. ಬಣ್ಣದ ಕೆಳಗಿರುವುದು ಯಾವ ಪುಸ್ತಕ? ವ್ಯಾಖ್ಯಾನಕಾರರು “ಜ್ಞಾನದ ಸಾವು” ಅಂತಾರೆ, “ನಾಗರಿಕತೆಯ ಬಾಯಿಗೆ ಬೀಗ” ಅಂತಾರೆ. ಕೆರೆದು ನೋಡಿದರೆ ಹಳೇ ಟೆಲಿಫೋನ್ ಡೈರೆಕ್ಟರಿ ಸಿಕ್ಕರೆ? ಆಗ ಸತ್ತಿದ್ದು ಜ್ಞಾನವಲ್ಲ, ಲ್ಯಾಂಡ್‌ಲೈನ್. ತೂಕದ ಲೆಕ್ಕದಲ್ಲಿ ಕೊಂಡ ಇನ್‌ಕಮ್ ಟ್ಯಾಕ್ಸ್ ಗೈಡುಗಳಾಗಿದ್ದರೆ, ಬೀಗ ಹಾಕಿದವರಿಗೆ ನಾನೇ ಹಾರ ಹಾಕುತ್ತೇನೆ.

ಕಲಾವಿದರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಪುಸ್ತಕಗಳಿಗೆ ಬಣ್ಣ ಬಳಿದು, ಸುಟ್ಟು, ಹಲಗೆಗೆ ಅಂಟಿಸಿ ಹೆಸರಾದ ಬ್ರಿಟನ್ನಿನ ಜಾನ್ ಲೇಥಮ್ 1966ರಲ್ಲಿ ತಾನು ಪಾಠ ಮಾಡುತ್ತಿದ್ದ ಕಲಾ ಶಾಲೆಯ ಲೈಬ್ರರಿಯಿಂದ ಒಂದು ಪುಸ್ತಕ ತಂದ. ಸಿಕ್ಕಿದ್ದನ್ನು ತಂದಿದ್ದಲ್ಲ, ಆಗಿನ ದೊಡ್ಡ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಬರೆದದ್ದನ್ನೇ ಆರಿಸಿ ತಂದ. ಮನೆಗೆ ಜನರನ್ನು ಕರೆದು ಹಾಳೆಗಳನ್ನು ಅಗಿಸಿ ಉಗುಳಿಸಿದ. ಉಗುಳಿದ್ದಕ್ಕೆ ಆ್ಯಸಿಡ್ ಹಾಕಿ, ಯೀಸ್ಟ್ ಬೆರೆಸಿ ಹುಳಿ ಬರಿಸಿದ. ಲೈಬ್ರರಿಯವರು ಪುಸ್ತಕ ಕೇಳಿದಾಗ ಒಂದು ಸೀಸೆ ಕೊಟ್ಟ. ಕೆಲಸ ಹೋಯಿತು. ಆ ಸೀಸೆಯೂ ಕಾಗದಪತ್ರವೂ ತುಂಬಿದ ಸೂಟ್‌ಕೇಸು ಈಗ ಅದೇ ನ್ಯೂಯಾರ್ಕ್ ಮ್ಯೂಸಿಯಂನಲ್ಲಿದೆ. ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಕಾರ್ಡೂ ಬೇಡ, ಅಲ್ವಾ? ವಿಮರ್ಶಕನನ್ನು ಅಗಿದು ಉಗುಳಿದ, ಅಷ್ಟೇ.

ಆದರೆ ‘ಶೀರ್ಷಿಕೆ ಇಲ್ಲ’ ಮುಂದೆ ನಿಂತು “ಒಳಗಿರುವುದು ಯಾವ ಪುಸ್ತಕ ಸಾರ್?” ಅಂತ ಕೇಳಿ ನೋಡಿ. “ಆ ಪ್ರಶ್ನೆಯನ್ನೇ ಕೃತಿ ಪ್ರಶ್ನಿಸುತ್ತದೆ” ಎಂಬ ಉತ್ತರ ಬರುತ್ತದೆ. ಒಳ್ಳೇ ವಾಕ್ಯ, ಬರೆದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ, ಆಫೀಸಿನಲ್ಲಿ, ಸಾಲ ಕೊಟ್ಟವರ ಎದುರಲ್ಲಿ ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ. ಲೈಬ್ರರಿಯವರು ಮಾತ್ರ ಒಪ್ಪುವುದಿಲ್ಲ.